ಅಟ್ಟದ ಮೇಲಿನ ಸೈಡರು

ಕೆಲವರಿಗೆ ಹಾಡು ಒಲಿಯುತ್ತದೆ, ಕೆಲವರಿಗೆ ದನಕರು ಒಲಿಯುತ್ತವೆ. ನನಗೆ ಒಲಿಯದ ಕೆಲಸವೇ ಇಲ್ಲ. ಜಂಬ ಕೊಚ್ಚಿಕೊಳ್ಳುತ್ತಿದ್ದಾನೆ ಎಂದುಕೊಳ್ಳಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಗಡಿಯಾರವನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲೆ. ಜೋಡಿಸಿದ ಮೇಲೆ ಅದು ನಡೆಯುತ್ತದೆಯೋ ಇಲ್ಲವೋ ಎಂಬುದು ಗಡಿಯಾರದ ಯೋಗ್ಯತೆಗೆ ಸೇರಿದ್ದು. ನಮ್ಮ ಸಿಂಗಟಗೆರೆಯ ಕಡೆ ಮೊಟ್ಟಮೊದಲು ಗುಲಾಬಿಗೆ ಕಸಿ ಕಟ್ಟಿದವನೂ ನಾನೇ. ಗಿಡ ಒಣಗಿತು, ನಾನು ಕಟ್ಟಿದ ಕಟ್ಟು ಮಾತ್ರ ಈಗಲೂ ಬಿಚ್ಚಿಲ್ಲ. ಇಂಥ ಕೈಗುಣ ಇರುವವನು ತನಗೆ ಬೇಕಾದ ಪಾನೀಯವನ್ನು ತಾನೇ ಮಾಡಿಕೊಳ್ಳದೆ ಇನ್ನೇನು ಮಾಡಿಯಾನು, ನೀವೇ ಹೇಳಿ.

ಈ ಪಾನೀಯದ ರುಚಿ ಹತ್ತಿದ್ದು ಚಿಕ್ಕಮಗಳೂರಿನಾಚೆಯ ಒಂದು ಕಾಫಿ ತೋಟದಲ್ಲಿ. ಮದುವೆಗೆ ಮುಂಚೆ ಅಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ತೋಟದ ಇಂಗ್ಲಿಷ್ ದೊರೆ ಬಂಗಲೆಯ ಹಿಂದೆ ಒಂದಷ್ಟು ಸೇಬಿನ ಗಿಡ ಹಾಕಿಕೊಂಡಿದ್ದ. ಅವು ಬಿಡುತ್ತಿದ್ದ ಹಣ್ಣು ಎಷ್ಟು ಹುಳಿ ಎಂದರೆ, ಮಂಗಗಳು ಒಂದು ಸಲ ಕಚ್ಚಿ ನೋಡಿ ಆ ಕಡೆ ಬರುವುದನ್ನೇ ಬಿಟ್ಟಿದ್ದವು. ದೊರೆ ಅದನ್ನು ಜಜ್ಜಿ, ಹಿಂಡಿ, ರಸವನ್ನು ಪೀಪಾಯಿಗೆ ತುಂಬಿ ಸುಮ್ಮನೆ ಕೂರುತ್ತಿದ್ದ. ಒಂದು ಸಂಜೆ ಲೆಕ್ಕ ಒಪ್ಪಿಸಲು ಹೋದವನಿಗೆ ಒಂದು ಗ್ಲಾಸು ಕೊಟ್ಟ. ಮೊದಲು ಹುಳಿ, ಆಮೇಲೆ ಸಿಹಿ, ಅದರ ಹಿಂದೆಯೇ ಮೂಗಿನೊಳಗೆ ಕಚಗುಳಿ. ಗ್ಲಾಸು ಖಾಲಿಯಾಗುವ ಹೊತ್ತಿಗೆ ನನಗೆ ತೋಟದ ಮೇಸ್ತ್ರಿಯ ಮೇಲೂ ಪ್ರೀತಿ ಹುಟ್ಟಿಬಿಟ್ಟಿತ್ತು. ಇದರ ಹೆಸರು ಸೈಡರು, ಇದು ಹೆಂಡವಲ್ಲ, ಸಾರಾಯಿಯಲ್ಲ, ನಮ್ಮೂರಲ್ಲಿ ಬೇಸಾಯಗಾರರು ಮನೆಮನೆಯಲ್ಲೂ ಮಾಡಿಕೊಳ್ಳುತ್ತಾರೆ ಎಂದ ದೊರೆ. ನಾನೂ ಬೇಸಾಯಗಾರರ ಮನೆಯವನೇ ಆದ್ದರಿಂದ ಆ ಮಾತು ನನಗೂ ಅನ್ವಯಿಸುತ್ತದೆಂದು ತಿಳಿದುಕೊಂಡೆ.

ಊರಿಗೆ ವಾಪಸು ಬಂದು ತೆಂಗಿನ ತೋಟ, ಹೊಲ ಅಂತ ನೋಡಿಕೊಳ್ಳತೊಡಗಿದ ಮೇಲೆ ಆ ಕಚಗುಳಿ ಬಹಳ ನೆನಪಾಗುತ್ತಿತ್ತು. ನಮ್ಮ ಬಯಲುಸೀಮೆಯಲ್ಲಿ ಸೇಬು ಎಲ್ಲಿಂದ ಬರಬೇಕು? ಸೀಬೆಹಣ್ಣಿನಲ್ಲಿ ಮಾಡಿ ನೋಡಿದೆ, ಇರುವೆಗಳ ಪಾಲಾಯಿತು. ಬೇಲದ ಹಣ್ಣಿನಲ್ಲಿ ಮಾಡಿದೆ, ಗೋಂದಾಯಿತು. ಅದರಲ್ಲಿ ಪಂಚಾಂಗದ ಹರಿದ ಹಾಳೆ ಅಂಟಿಸಿದೆ, ಚೆನ್ನಾಗಿ ಅಂಟಿತು. ಕೊನೆಗೆ ಕೆರೆ ಏರಿಯ ಮೇಲಿನ ನೇರಳೆ ಮರ ಕಣ್ಣಿಗೆ ಬಿತ್ತು. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಅದರ ಕೆಳಗಿನ ನೆಲವೆಲ್ಲ ಕಪ್ಪಗಾಗಿರುತ್ತದೆ. ಇಡೀ ಊರಿನ ನಾಲಿಗೆ ನೀಲಿಯಾಗಿರುವ ಕಾಲ ಅದು. ಅಂಥ ಕಾಲದಲ್ಲಿ ನನ್ನೊಬ್ಬನ ನಾಲಿಗೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಪರೀಕ್ಷೆ ಮಾಡುವವರು ಒಬ್ಬರಿದ್ದರು. ಹಿರೇನಲ್ಲೂರಿನ ನಮ್ಮ ಮಾವನವರು. ಅಬ್ಕಾರಿಯವರಿಗೂ ನಾನು ಅಷ್ಟು ಹೆದರುತ್ತಿರಲಿಲ್ಲ. ಹೆಂಡದಂಗಡಿಯ ಮುಂದೆ ಹಾಯಬೇಕಾಗುತ್ತದೆಂದು ಊರು ಸುತ್ತಿಕೊಂಡು ಹೊಲಕ್ಕೆ ಹೋಗುವ ಮನುಷ್ಯ ಅವರು. ಹೆಣ್ಣು ಕೇಳಲು ಹೋದಾಗ ನನ್ನ ಹೊಲ ಎಷ್ಟು, ತೆಂಗು ಎಷ್ಟು ಎಂದು ಕೇಳಲಿಲ್ಲ. "ಕಾಫಿ ತೋಟದಲ್ಲಿದ್ರಂತೆ. ಕುಡಿಯೋ ಅಭ್ಯಾಸ ಏನಾದ್ರೂ?" ಎಂದು ಒಂದೇ ಮಾತು ಕೇಳಿದರು. ಹೆಂಡ ಮುಟ್ಟಿದವನಲ್ಲ ಎಂದೆ, ಅದು ಸತ್ಯವೇ. ಅವರ ಹಿರಿಯಳಿಯ ಕುಡಿಯುತ್ತಾನೆಂದು ಗೊತ್ತಾದಾಗ, ಬಾಣಂತನಕ್ಕೆ ಬಂದಿದ್ದ ಮಗಳನ್ನು ಅವರು ಗಂಡನ ಮನೆಗೆ ಕಳಿಸಲೇ ಇಲ್ಲ. ಕೂಸು ಎದ್ದು ಓಡಾಡುವ ತನಕ ಆ ಅಳಿಯ ವಾರವಾರವೂ ಬಂದು ಜಗಲಿಯ ಮೇಲೆ ಕೂತು ಹೋಗುತ್ತಿದ್ದನಂತೆ. ಈಗ ನನ್ನ ಹೆಂಡತಿ ಗೌರಮ್ಮ ತುಂಬಿದ ಬಸುರಿ. ಇನ್ನೇನು ಅವಳನ್ನೂ ಬಾಣಂತನಕ್ಕೆ ಕರೆದೊಯ್ಯಲು ಅವರು ಬರುವವರಿದ್ದರು. ಗೌರಿಯಿಲ್ಲದ ಮನೆಯಲ್ಲಿರುವುದೊಂದು ಮಾತ್ರ ನನ್ನಿಂದಾಗದ ಕೆಲಸ.

ಹಾಗಾದರೆ ಸುಮ್ಮನಿರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೇರಳೆ ಸುಮ್ಮನಿರುತ್ತದೆಯೇ? ಅದು ಉದುರುತ್ತಲೇ ಇತ್ತು. ಬುಟ್ಟಿಗಟ್ಟಲೆ ತಂದು, ಕಿವುಚಿ, ಬೆಲ್ಲ ಸೇರಿಸಿ, ಮಣ್ಣಿನ ಗುಡಾಣಕ್ಕೆ ತುಂಬಿದೆ. ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ ಅಟ್ಟಕ್ಕೇರಿಸಿದೆ. ನಮ್ಮ ಅಟ್ಟವೆಂದರೆ ನಡುಮನೆಯ ಮೇಲೆ, ಕೊಬ್ಬರಿಯಾಗಲೆಂದು ತೆಂಗಿನಕಾಯಿ ತುಂಬಿಡುವ ಅಟ್ಟ. ಕೆಳಗಿನ ಹೊಗೆ ಕಾಯಿಗೆ ತಾಕಲೆಂದು ಹಾಸಿದ ಅಡಿಕೆ ದಬ್ಬೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ಮೇಲೆ ಯಾವಾಗಲೂ ಬೆಚ್ಚಗೆ. ಅವ್ವ ಕೇಳಿದ್ದಕ್ಕೆ ಕಷಾಯ ಎಂದೆ. ಗುಡಾಣ ಗುಳುಗುಳು ಅನ್ನತೊಡಗಿತು. ಒಂದು ಮಧ್ಯಾಹ್ನ ಗೌರಿ ನಡುಮನೆಯಲ್ಲಿ ಕೂತಿದ್ದವಳು ತಲೆಯೆತ್ತಿ ಮೂಗರಳಿಸಿದಳು.

"ಯಾಕೋ ನಮ್ಮಪ್ಪನ ಮನೆ ವಾಸ್ನೆ ಬತ್ತಾ ಐತೆ, ಕಣ್ರೀ" ಎಂದಳು.

ಬಸುರಿ ಹೆಂಗಸು, ತವರಿನ ಬಯಕೆ. ನನಗೆ ಅಯ್ಯೋ ಅನ್ನಿಸಿತು. "ಇನ್ನೇನು ಹೋಗ್ತೀಯಲ್ಲ ಬಿಡು" ಎಂದು ಸಮಾಧಾನ ಮಾಡಿದೆ.

ಆಷಾಢ ಹತ್ತುವುದರೊಳಗೆ ಮಗಳನ್ನು ಕರೆದುಕೊಂಡು ಹೋಗಬೇಕೆಂದು ಮಾವನವರು ಹೇಳದೆ ಕೇಳದೆ ಹೊರಟುಬಂದರು. ಕೆರೆ ಏರಿಯ ಮೇಲೆ ಅವರ ಎತ್ತಿನ ಗಾಡಿ ಕಂಡಾಗ ನಾನು ಅಂಗಳದಲ್ಲಿದ್ದೆ. ಮನೆಯೊಳಗೆ ಕಾಲಿಟ್ಟರೆ ಘಮ್ಮೆನ್ನುತ್ತಿತ್ತು. ಗುಡಾಣವನ್ನು ಇಳಿಸಲು ಪುರುಸೊತ್ತಿಲ್ಲ, ಚೆಲ್ಲಲು ಮನಸ್ಸಿಲ್ಲ. ಇಂಥ ಹೊತ್ತಿನಲ್ಲೇ ನನ್ನ ತಲೆ ಚುರುಕಾಗಿ ಓಡುವುದು. ರಾಗಿಗೆ ಹುಳು ಹಿಡಿಯದ ಹಾಗೆ ನಮ್ಮವ್ವ ಗುಡಾಣದ ಬಾಯಿ ಮುಚ್ಚುವ ರೀತಿ ಇದೆಯಲ್ಲ, ಮೇಲೊಂದು ಮಣ್ಣಿನ ಮುಚ್ಚಳ, ಸುತ್ತಲೂ ಸಗಣಿ ಕಲಸಿದ ಕೆಮ್ಮಣ್ಣು, ಅದರೊಳಗೆ ಗಾಳಿಯೂ ನುಸುಳದು. ಅಟ್ಟ ಹತ್ತಿದವನೇ ಬಟ್ಟೆ ಕಿತ್ತು, ಮುಚ್ಚಳವಿಟ್ಟು, ಮೆತ್ತಿದೆ, ಮತ್ತೆ ಮೆತ್ತಿದೆ. ಅವ್ವನಿಗಿಂತ ಗಟ್ಟಿಯಾಗಿಯೇ ಮೆತ್ತಿದೆ. ಗಾಡಿ ಬಾಗಿಲಿಗೆ ಬರುವ ಹೊತ್ತಿಗೆ ಕೈ ತೊಳೆದುಕೊಂಡು, ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತಿದ್ದೆ. ಮನೆಯೊಳಗೆ ವಾಸನೆ ಎಂಬುದು ಎಳ್ಳಷ್ಟೂ ಇರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಹೊರಡುವುದೆಂದಾಯಿತು. ಮಾವನವರು ಹೊಸ ಬಿಳಿ ರುಮಾಲು ಸುತ್ತಿಕೊಂಡೇ ನಡುಮನೆಯಲ್ಲಿ ಎಲೆಯ ಮುಂದೆ ಕೂತರು. ನಾನು ಪಕ್ಕದಲ್ಲಿ. ಅವ್ವ ಮುದ್ದೆ ಬಡಿಸಿ ಸಾರು ತರಲು ಒಳಗೆ ಹೋದಳು. ಗೌರಿ ಬಾಗಿಲ ಬಳಿ ಗಂಟು ಕಟ್ಟುತ್ತಿದ್ದಳು. ಹಿರಿಯಳಿಯನ ವಿಷಯ ತೆಗೆದು ಮಾವನವರು, "ಏನೋ ನೀವೊಬ್ರು ನೆಟ್ಟಗಿದ್ದೀರಿ, ಅಷ್ಟು ಸಾಕು" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಅಷ್ಟರಲ್ಲಿ ಮೇಲೆ ಢಮಾರ್ ಎಂದಿತು. ಮುಚ್ಚಳ ಹಾರಿ ಮಾಡಿನ ಹೆಂಚಿಗೆ ಬಡಿಯಿತು. ಕಾಯಿಗಳು ಗಡಗಡ ಉರುಳಿದವು. ಆಮೇಲೆ ದಬ್ಬೆಯ ಒಂದೊಂದು ಸಂದಿನಿಂದಲೂ ನನ್ನ ಸೈಡರು ಸುರಿಯತೊಡಗಿತು. ನಡುಮನೆಯಲ್ಲಿ ಅಷ್ಟೊಂದು ಜಾಗವಿದ್ದರೂ ಅದು ಆರಿಸಿಕೊಂಡದ್ದು ಮಾವನವರ ತಲೆಯನ್ನು. ರುಮಾಲು, ಮೀಸೆ, ಅಂಗಿ, ಮುದ್ದೆ ಎಲ್ಲವೂ ನೇರಳೆ ಬಣ್ಣ. ಅವ್ವ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಳು. "ಕಷಾಯ" ಎಂದಳು ಪಾಪ, ನನ್ನನ್ನು ಉಳಿಸಲು.

ಮಾವನವರು ಏಳಲಿಲ್ಲ. ಒದ್ದೆ ಮೀಸೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ನಾನು ಗೌರಿಯ ಮುಖ ನೋಡಿದೆ. ವಾರವಾರ ಹಿರೇನಲ್ಲೂರಿಗೆ ಹೋಗಿ ಆ ಜಗಲಿಯ ಮೇಲೆ ಕೂರುವವನು ಇನ್ನು ನಾನೇ ಎಂದುಕೊಂಡೆ. ಹುಟ್ಟುವ ಕೂಸಿನ ಮುಖವನ್ನು ಕಿಟಕಿಯಿಂದ ತೋರಿಸುತ್ತಾರೋ ಇಲ್ಲವೋ ಎಂದೂ ಯೋಚನೆ ಬಂತು.

ಮಾವನವರು ಮೀಸೆಯ ತುದಿಯನ್ನು ಮೆಲ್ಲಗೆ ಬಾಯೊಳಗೆ ತೆಗೆದುಕೊಂಡರು. ಚೀಪಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಚೀಪಿದರು.

"ನೊರೆ ಇಳಿಯೋಕ್ ಮುಂಚೇನೇ ಬಾಯಿ ಕಟ್ಟಿದ್ದು ಯಾರಲೇ?" ಎಂದರು.

ನನಗೆ ಅರ್ಥವಾಗಲಿಲ್ಲ. "ನಾನೇ" ಎಂದೆ.

"ಬುದ್ಧಿ ಬ್ಯಾಡ್ವಾ ನಿಂಗೆ? ಉಸಿರಾಡೋಕೆ ಬಿಡ್ಬೇಕು. ನೊರೆ ಪೂರಾ ಕೂತ್ಮೇಲೆ ಬಸ್ಕೊಂಡು ಆಮೇಲೆ ಮುಚ್ಬೇಕು. ಬೆಲ್ಲಾನೂ ಜಾಸ್ತಿ ಆಗೈತೆ. ಇಷ್ಟೊಂದು ಹಣ್ಣು ಹಾಳ್ಮಾಡ್ಬಿಟ್ಟೆಯಲ್ಲೋ" ಎಂದು ಹೆಬ್ಬೆರಳಿನಿಂದ ಮೀಸೆಯ ಇನ್ನೊಂದು ತುದಿಯನ್ನೂ ಒರೆಸಿ ಬಾಯಿಗಿಟ್ಟುಕೊಂಡರು.

"ಮತ್ತೆ ಕುಡಿಯೋದು..." ಎಂದು ತೊದಲಿದೆ.

"ಕುಡಿಯೋದು ಅಂದ್ರೆ ಹೆಂಡ ಕಣೋ. ಇದು ಹೊಟ್ಟೆಗೆ ಔಷಧಿ. ನಮ್ಮ ತಾತನ ಕಾಲದಿಂದ್ಲೂ ಮಾಡ್ತೀವಿ" ಎಂದರು, ತೋಟದ ದೊರೆಯದೇ ಧಾಟಿಯಲ್ಲಿ.

ಬಾಗಿಲ ಬಳಿಯಿಂದ ಗೌರಿ, "ನಾ ಅವತ್ತೇ ಹೇಳ್ನಿಲ್ವಾ, ನಮ್ಮಪ್ಪನ ಮನೆ ವಾಸ್ನೆ ಅಂತ" ಎಂದಳು. ಆ ಹೊತ್ತಿನಲ್ಲಿ ಅವಳು ನಕ್ಕ ನಗುವಿಗೆ ಇಡೀ ಗುಡಾಣ ಒಡೆದುಹೋಗಿದ್ದರೂ ನನಗೆ ದುಃಖವಾಗುತ್ತಿರಲಿಲ್ಲ.

ಗೌರಿ ಕೂಸಿನ ಸಮೇತ ಸರಿಯಾದ ಸಮಯಕ್ಕೆ ವಾಪಸು ಬಂದಳು. ಅಲ್ಲಿಂದಾಚೆಗೆ ನೇರಳೆ ಕಪ್ಪಾಗುವ ಹೊತ್ತಿಗೆ ಸರಿಯಾಗಿ ಮಾವನವರು ಮೊಮ್ಮಗಳನ್ನು ನೋಡುವ ನೆಪದಲ್ಲಿ ಬಂದಿಳಿಯುತ್ತಾರೆ. ಅಟ್ಟ ಅವರ ವಶವಾಗಿದೆ. ಆ ಮಧ್ಯಾಹ್ನದ ತನಕ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದವರು ಈಗ, "ಲೇ, ಕೊಳೆತಿದ್ದನ್ನ ಆರಿಸಿ ಹಾಕು" ಎನ್ನುತ್ತಾರೆ, ನಾನು ಆರಿಸಿ ಹಾಕುತ್ತೇನೆ. ಗುಡಾಣದ ಬಾಯಿ ಕಟ್ಟುವ ದಿನವಂತೂ ನನ್ನನ್ನು ಬೇಕೆಂದೇ ಹೊಲಕ್ಕೆ ಅಟ್ಟುತ್ತಾರೆ. ಎಲ್ಲ ಹದವಾದ ಮೇಲೆ ನನ್ನ ಪಾಲಿಗೆ ಬರುವುದು ಅರ್ಧ ಲೋಟ. ಇನ್ನಷ್ಟು ಕೇಳಿದರೆ ಮಾವನವರು ಮಗಳ ಕಡೆ ತಿರುಗಿ, "ನಿನ್ನ ಗಂಡನ ಮೇಲೆ ಒಂದು ಕಣ್ಣಿಟ್ಟಿರವ್ವಾ. ಕಾಫಿ ತೋಟದಲ್ಲಿದ್ದೋನು" ಎನ್ನುತ್ತಾರೆ.