ಮೂಕಮ್ಮಾಳ್ ಇನ್ನೂ ಹೊಂದಿಕೊಂಡಿಲ್ಲ

ನನ್ನ ಹೆಂಡ್ತಿ ಮೂಕಮ್ಮಾಳ್, ವಯಸ್ಸು ಎಪ್ಪತ್ತೊಂಬತ್ತು, ತಮಿಳುನಾಡಿನ ಕಂಬಂ ಪಕ್ಕದ ನಮ್ಮೂರಿಗೆ ಹೊಸದಾಗಿ ಬಂದವಳು ಅಂತ ಹೋದ ತೈ ತಿಂಗಳು, ಪೊಂಗಲ್ ಹೊತ್ತಿಗೆ, ಅಧಿಕೃತವಾಗಿ ತೀರ್ಮಾನ ಆಯ್ತು.

ವಿಷಯ ಇಷ್ಟೇ. ಅವಳ ಬಿಪಿ ಮಾತ್ರೆ ಸಿಗೋದು ಆರು ಮೈಲಿ ಆಚೆ. ಮಂಡಿನೋವು, ಬಸ್ ಹತ್ತೋಕಾಗಲ್ಲ. ಮಾತ್ರೆ ತಪ್ಪಿದ ದಿನ ತಲೆ ಸುತ್ತಿ ಬೀಳ್ತಾಳೆ. ಹೋದ ಸಲ ಬಿದ್ದ ಜಾಗದಲ್ಲಿ ಅಂಗಳ ಸೀಳಿ ನೀರು ಬಂತು, ಅಲ್ಲೇ ಈಗ ನಮ್ಮ ಬೋರ್‌ವೆಲ್ ಇದೆ. ಅಷ್ಟರಲ್ಲಿ ಸರ್ಕಾರದೋರು ಹೊಸಬರ ಆಸರೆ ಕೇಂದ್ರ ಅಂತ ಒಂದು ತೆರೆದ್ರು. ಊರಿಗೆ ಹೊಸದಾಗಿ ಬಂದೋರಿಗೆ ಮನೆ ಬಾಗಿಲಿಗೇ ಔಷಧಿ. ನಮ್ಮೂರಿಗೋ ಯಾರೂ ಬರಲ್ಲ. ಕೇಂದ್ರದ ನರ್ಸು ತೇನ್‌ಮೊಳಿ ಬೀದಿ ಬೀದಿ ಸುತ್ತಿ, ಸೋತು ನಮ್ಮ ಜಗಲಿ ಮೇಲೆ ಕೂತಳು.

"ಪಾಟ್ಟಿ, ನೀವು ಇಲ್ಲೇ ಹುಟ್ಟಿದ್ದಾ?" ಅಂದಳು ನನ್ನ ಹೆಂಡ್ತಿಗೆ.

"ಇಲ್ಲಮ್ಮಾ, ಚಿನ್ನಾಳಪಟ್ಟಿ. ಮದುವೆ ಆಗಿ ಬಂದೆ."

"ಅಪ್ಪಾಡಾ!" ಅಂತ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದಳು. "ಹೊಸಬರು."

"ಅರವತ್ತು ವರ್ಷ ಆಯ್ತಲ್ಲಮ್ಮಾ" ಅಂದೆ ನಾನು.

"ಫಾರಂನಲ್ಲಿ ವರ್ಷ ಕೇಳಿಲ್ಲ ತಾತಾ. ನೀವು ಸುಮ್ನಿರಿ."

ನಿಯಮ ನಾಲ್ಕು: ಮದುವೆಯಾಗಿ ಬಂದ ಹೊಸಬರು ಗಂಡನ ಮನೆಗೆ ಇನ್ನೂ ಹೊಂದಿಕೊಂಡಿಲ್ಲ ಎಂದು ಅತ್ತೆಯು ತಿಂಗಳಿಗೊಮ್ಮೆ ಸಹಿ ಹಾಕತಕ್ಕದ್ದು. ಹೊಂದಿಕೊಂಡ ಕೂಡಲೇ ಮಾತ್ರೆ ನಿಲ್ಲಿಸತಕ್ಕದ್ದು.

ನಮ್ಮವ್ವ ತೀರಿಕೊಂಡು ಮೂವತ್ತು ವರ್ಷ. "ಅಡುಗೆಮನೆ ಯಾರ ಕೈಲಿದೆ?" ಅಂದಳು ತೇನ್‌ಮೊಳಿ. ಸೊಸೆ ಪಾಂಡೀಶ್ವರಿ ಕೈಲಿ. ಅಲ್ಲೇ ಆರ್ಡರ್ ಆಯ್ತು: ಪಾಂಡೀಶ್ವರಿ ತನ್ನ ಅತ್ತೆಗೆ ಪ್ರಭಾರ ಅತ್ತೆ.

ಕಷ್ಟ ಏನಂದ್ರೆ, ಇವರಿಬ್ಬರೂ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಜಗಳ ಆಡಿಲ್ಲ. ಮೇಲಧಿಕಾರಿ ಬಾಲಮುರುಗನ್ ತಪಾಸಣೆಗೆ ಬಂದಾಗ ಸೊಸೆ ಅತ್ತೆಯ ತಲೆ ಬಾಚ್ತಾ ಕೂತಿದ್ದಳು.

"ಚೆನ್ನಾಗಿ ಹೊಂದಿಕೊಂಡಿದಾರೆ" ಅಂತ ಆತ ಮಾತ್ರೆ ಡಬ್ಬಿ ವಾಪಸ್ ಚೀಲಕ್ಕೆ ಹಾಕಿದ.

ಪಾಂಡೀಶ್ವರಿ ಬಾಚಣಿಗೆ ಎಸೆದು ಎದ್ದಳು. "ಏನ್ ಹೊಂದಿಕೊಂಡಿರೋದು ಸಾರ್? ಕಾಪಿಗೆ ಸಕ್ಕರೆ ಎಷ್ಟು ಅಂತ ಇನ್ನೂ ಗೊತ್ತಿಲ್ಲ ಇವಳಿಗೆ! ತೌರುಮನೇಲಿ ಏನ್ ಕಲಿಸಿದ್ರೋ!" ನಮ್ಮ ಮನೆಮಾತು ಕನ್ನಡ ಆತನಿಗೆ ಬರಲ್ಲ, ಗೊತ್ತಾಗ್ಲಿ ಅಂತ ಅದನ್ನೇ ತಮಿಳಲ್ಲೂ ಒಂದು ಸಲ ಬೈದಳು.

ಮೂಕಮ್ಮಾಳ್ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಮ್ಮ ತೌರುಮನೆ ಮಾತು ಎತ್ತಬೇಡಿ ಅತ್ತೇ!" ಅಂದಳು.

ಡಬ್ಬಿ ಹೊರಗೆ ಬಂತು.

ಈಗ ಪ್ರತಿ ತಿಂಗಳ ಮೊದಲ ಮಂಗಳವಾರ ಹತ್ತು ಗಂಟೆಗೆ ಜಗಳ. ನೋಡೋಕೆ ತೇನಿಯಿಂದ ಸ್ಪೆಷಲ್ ಬಸ್ಸು, ಕಮ್ಮಿ ಅಂದ್ರೂ ನಾಲ್ಕು ಸಾವಿರ ಜನ. ಎದುರುಮನೆ ಪಾಪಮ್ಮಾಳ್‌ಗೆ ಸೊಸೆ ಇಲ್ಲ. ಅವಳೂ ಮದುವೆಯಾಗಿ ಬಂದ ಹೊಸಬಳೇ ಅಂತ ಅವಳಿಗೂ ಪಾಂಡೀಶ್ವರಿನೇ ಅತ್ತೆ, ಹೆಚ್ಚುವರಿ ಪ್ರಭಾರ.

ಜಗಳ ಮುಗಿದ ಕೂಡ್ಲೇ ತೇನ್‌ಮೊಳಿ ಬಿಪಿ ನೋಡ್ತಾಳೆ. ಏರಿರುತ್ತೆ. ಯೋಜನೆ ಎಷ್ಟು ಅಗತ್ಯ ಅನ್ನೋದಕ್ಕೆ ಇದೇ ಪುರಾವೆ ಅಂತ ಮೇಲಕ್ಕೆ ಬರೆದು, ಮಾತ್ರೆ ಒಂದರಿಂದ ಎರಡು ಮಾಡಿದಾರೆ.