ಜೀಪಿನ ನೀಲಿ ಚಪ್ಪರ

ನನ್ನ ವಯಸ್ಸಿನ ಗಂಡಸರಿಗೆ ಯೂಟ್ಯೂಬ್ ಕೊಡಬಾರದು. ನನಗೆ ಕೊಟ್ಟರು, ಕೆಟ್ಟೆ. ಯಾವನೋ ಪುಣ್ಯಾತ್ಮ ಮರಳುಗಾಡಿನಲ್ಲಿ ಜೀಪು ನಿಲ್ಲಿಸಿ, ಅದರ ನೆತ್ತಿಯ ಪಕ್ಕದ ಚೀಲದಿಂದ ಬಟ್ಟೆಯ ಚಪ್ಪರವೊಂದನ್ನು ಸರ್ರನೆ ಎಳೆದು, ಎರಡು ಕಾಲು ಊರಿ, ಅದರಡಿಯಲ್ಲಿ ಹೆಂಡತಿಯೊಡನೆ ಚಾ ಕುಡಿಯುತ್ತಿದ್ದ. ಹೆಂಡತಿ ನಗುತ್ತಿದ್ದಳು! (ಅದನ್ನು ಹೇಗೆ ಸಾಧಿಸಿದನೆಂದು ವಿಡಿಯೋದಲ್ಲಿ ಹೇಳಲಿಲ್ಲ.) ನನ್ನ ಬಳಿಯೂ ಗುಡ್ಡ ಹತ್ತುವ ಹಳೇ ಜೀಪಿದೆ, ಮರವಂತೆಯಲ್ಲಿ ಕಡಲಿದೆ, ಮನೆಯಲ್ಲಿ ವನಜ ಇದ್ದಾಳೆ. ಚಪ್ಪರವೊಂದೇ ಕಡಿಮೆ ಎಂದು ತೀರ್ಮಾನಿಸಿದೆ.

ಬಣ್ಣದ ವಿಚಾರದಲ್ಲಿ ಮನೆಯೊಳಗೆ ಮಹಾಯುದ್ಧವಾಯಿತು.

“ಹಸ್ರ್ ತಕಣಿ. ನೀಲಿ ಟರ್ಪಾಲ್ ಕಂಡಾಂಗ್ ಕಾಣತ್ತ್,” ಎಂದಳು ವನಜ.

“ನಿಂಗೆಂತ ಗೊತ್ತಿತ್ತ್? ಕಡಲ್ ಬದಿಗೆ ನೀಲಿಯೇ ಲಾಯ್ಕ್.”

ನೀಲಿಯೇ ಬಂತು. ಎಡಕ್ಕೋ ಬಲಕ್ಕೋ ಎಂದು ವೆಲ್ಡಿಂಗ್ ಅಂಗಡಿಯ ದೇವುವಿನ ಜೊತೆ ಗಂಟೆಗಟ್ಟಲೆ ವಾದಿಸಿ, ಬಲಕ್ಕೆ ಹಾಕಿದರೆ ಹೆದ್ದಾರಿಯ ಲಾರಿಗಳಿಗೆ ನೆರಳಾಗುತ್ತದೆಂದು ಎಡಗಡೆ ಕ್ಯಾರಿಯರಿಗೆ ಕ್ಲ್ಯಾಂಪು ಬಿಗಿಸಿದೆ. ಬೇಕಾದಾಗ ಪಿನ್ನು ಎಳೆದರೆ ಚೀಲ ಸಮೇತ ಕೈಗೆ ಬರುತ್ತದೆ. ಎಂಥ ಆವಿಷ್ಕಾರ!

ಭಾನುವಾರ ಮಧ್ಯಾಹ್ನ ಸಾಸ್ತಾನದ ನಮ್ಮ ಮನೆಯಂಗಳದಲ್ಲೇ ಪರೀಕ್ಷೆಗಿಳಿದೆ. ಚಪ್ಪರ ಬಿಚ್ಚಿ, ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟೆ. ಸೆಕೆಗೆ ಅಂಗಿ ಕಳಚಿ, ಪಿನ್ನಿಗೆ ಸಿಕ್ಕಿದ ಬೆರಳನ್ನು ಹಿಡಿದು ತಲೆತಗ್ಗಿಸಿ ಕೂತಿದ್ದೆ. ನೀರುಳ್ಳಿ ಹೆಚ್ಚುತ್ತಿದ್ದ ವನಜ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು. ಅದೇ ಹೊತ್ತಿಗೆ ನೆರೆಮನೆಯ ಸುಬ್ಬ ಸ್ಕೂಟರಿನಲ್ಲಿ ಹೋಗುತ್ತಿದ್ದವನು ನಿಂತು, ನೋಡಿ, ಹೆಲ್ಮೆಟ್ ತೆಗೆದು, ಫೋನ್ ಕೈಗೆತ್ತಿಕೊಂಡು ಹೋದ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಕಟ್ಟಿಗೆ ಬರುವುದಕ್ಕೂ ಮೊದಲು ಅಂಗಳಕ್ಕೆ ನೀಲಿ ಟರ್ಪಾಲು ಬೀಳುತ್ತದೆ. ನಮ್ಮ ಜೊತೆಗೇ ಇರುವ ವನಜಳ ತಾಯಿ, ನನ್ನ ಅತ್ತೆ ಕಮಲಕ್ಕ, ಆ ವಾರವಿಡೀ ಜ್ವರದಲ್ಲಿ ಮಲಗಿದ್ದರು. ಸುಬ್ಬನ ಲೆಕ್ಕ ಸರಿಯಾಗಿಯೇ ಇತ್ತು, ಉತ್ತರ ಮಾತ್ರ ತಪ್ಪಾಗಿತ್ತು.

ಅರ್ಧ ಗಂಟೆಯೊಳಗೆ ಕುರ್ಚಿ ಸಾಲದಾಯಿತು. ಬಂದವರೆಲ್ಲ ನನ್ನ ಹೆಗಲು ತಟ್ಟಿ ಸುಮ್ಮನೆ ಕೂರುತ್ತಿದ್ದರು. ನನ್ನ ಜೀಪಿಗೆ ಇಷ್ಟು ಮರ್ಯಾದೆಯೇ ಎಂದು ಉಬ್ಬಿದೆ. ಅಷ್ಟರಲ್ಲಿ ಸಾಕ್ಷಾತ್ ಕಮಲಕ್ಕನೇ ಬಾಗಿಲಿಗೆ ಬಂದರು.

“ಎಂತ ಇಷ್ಟ್ ಜನ? ಯಾರ್ ಸತ್ತದ್ದ್?”

ಜನರ ನಡುವೆ ನಿಂತಿದ್ದ ಸುಬ್ಬ ಜೀಪಿನ ಹಿಂದೆ ಸರಿದ. ಅತ್ತೆ ಒಬ್ಬೊಬ್ಬರ ಮುಖ ನೋಡಿ, ವಿಷಯ ಗ್ರಹಿಸಿ, ಚಪ್ಪರದ ನಟ್ಟನಡುವೆ ಬಂದು ಕೂತರು. ಸಿಟ್ಟೇ ಇಲ್ಲ!

“ವನಜ, ಬಂದವ್ರಿಗೆ ಚಾ ಮಾಡ್. ಹ್ವಾಯ್ ಸುಬ್ಬ, ಬೈಂದೂರಿಗ್ ಹೇಳಿದ್ಯಾ?”

“ಮೊದ್ಲ್ ಅಲ್ಲಿಗೇ ಫೋನ್ ಮಾಡದ್ದ್ ಅಕ್ಕ…”

ಬೈಂದೂರಿನಲ್ಲಿರುವುದು ಅತ್ತೆಯ ತಂಗಿ ಕುಸುಮಾವತಿ. ಒಂದೇ ಬುಟ್ಟಿಯ ಮೀನು ಹಂಚಿಕೊಂಡು ಮಾರುತ್ತಿದ್ದ ಅಕ್ಕತಂಗಿ ಅವರು. ನನ್ನ ಮದುವೆಯ ಮರುದಿನದ ಊಟದಲ್ಲಿ ಅಕ್ಕ ಮಾಡಿದ ಬಂಗುಡೆ ಮೀನಿನ ಸಾರಿಗೆ ಹುಳಿ ಹೆಚ್ಚಾಯಿತೆಂದು ತಂಗಿ ಅಂದದ್ದೇ ಸೈ, ಅಂದಿನಿಂದ ಮಾತಿಲ್ಲ. ಅತ್ತೆ ಚಾ ಕುಡಿಯುತ್ತಾ ರಸ್ತೆಯನ್ನೇ ನೋಡುತ್ತಿದ್ದರು. ಬಸ್ಸು ಬಂದಾಗಲೆಲ್ಲ ಸೆರಗು ಸರಿಮಾಡಿಕೊಂಡರು. ಜನ ಕರಗಿತು, ಸಂಜೆಯಾಯಿತು, ತಂಗಿ ಬರಲಿಲ್ಲ. ನಾನು ಮೆಲ್ಲಗೆ ಪಿನ್ನಿಗೆ ಕೈ ಹಾಕಿದೆ.

“ಮುಟ್ಬೇಡಿ. ಕುಸುಮ ಬಪ್ಪ ತನ್ಕ ಬಿಚ್ಚುಕಾಗ.”

ಚಪ್ಪರಕ್ಕೆ ಒಂದು ಬದಿಯಲ್ಲಿ ಎರಡು ಕಾಲಿದೆ, ಇನ್ನೊಂದು ಬದಿಗೆ ಜೀಪೇ ಆಧಾರ. ಹೀಗಾಗಿ ಜೀಪು ಅಂಗಳದಲ್ಲಿ ಸೆರೆಯಾಯಿತು, ನಾನು ಬಸ್ಸಿನಲ್ಲಿ ನೇತಾಡಿದೆ. ಮರವಂತೆಯ ಚಾ ಮರಳುಗಾಡಿನವನಿಗೇ ಇರಲಿ. “ನಾ ಹಸ್ರ್ ಅಂದಿದ್ದೆ,” ಎಂದು ವನಜ ಹೇಳುವಾಗಲೂ ಅವಳ ದನಿಯಲ್ಲಿ ಜಗಳ ಇರಲಿಲ್ಲ. ತಾಯಿ ಊಟವನ್ನೂ ಹೊರಗೇ ತರಿಸಿಕೊಂಡು ದಾರಿ ಕಾಯುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ. ಒಂದು ಬಣ್ಣದ ಹಟಕ್ಕೆ ಮುದುಕಿಯ ಮನಸ್ಸು ಕೆದಕಿಬಿಟ್ಟೆನಲ್ಲ!

ತಡೆಯಲಾರದೆ ಬೈಂದೂರಿಗೆ ಹೋದೆ. ಕುಸುಮಕ್ಕ ಮೀನು ಕೊಯ್ಯುತ್ತಿದ್ದವರು ತಲೆ ಎತ್ತಲಿಲ್ಲ.

“ಬಂದಿದ್ದೆ ಮಾರಾಯ್ರೆ. ಬಸ್ಸಿಡೀ ಮರ್ಕಂಡ್ ಸಾಲಿಗ್ರಾಮದ್ ತನ್ಕ ಬಂದಿದ್ದೆ. ಅಲ್ಲಿ ಒಬ್ಳ್ ಹತ್ತಿ, ನಿಮ್ಮಕ್ಕ ಚಪ್ಪರದಡಿ ಚಾ ಕುಡಿತಿತ್ತ್ ಅಂದ್ಳ್. ಇಳ್ದ್ ವಾಪಸ್ ಬಂದೆ.”

“ಮುಂದಿನ ಸ್ಟಾಪೇ ನಮ್ದಲ್ದಾ ಕುಸುಮಕ್ಕ!”

“ಬದ್ಕಿದ್ರೆ ಅದೇ ಬರ್ಲಿ. ಹುಳಿ ಹೆಚ್ಚ್ ಹಾಕದ್ದ್ ಅದಾ ನಾನಾ?”

ಅತ್ತುಕೊಂಡು ಅಷ್ಟು ದೂರ ಬಂದವರು, ಅಕ್ಕ ಬದುಕಿದ್ದಾಳೆಂದು ಗೊತ್ತಾಗಿ ತಿರುಗಿ ಹೋದರು. ಇದನ್ನು ಅತ್ತೆಗೆ ಹೇಗೆ ಹೇಳಲಿ? ಮನೆಗೆ ಬಂದು ಸುಳ್ಳು ಹೇಳೋಣವೆಂದರೆ ಅತ್ತೆಯ ಕಣ್ಣು ಬಿಡಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

“ಖರೆ ಮರ್ಕಿತಾ?” ಎಂದರು.

“ಬಸ್ಸಿಡೀ ಅತ್ತಿದ್ರಂಬ್ರ್.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇದೇ ಸಮಯವೆಂದು ನಾನು ಚಪ್ಪರದ ಕಾಲು ಮಡಚಲು ಬಗ್ಗಿದೆ. “ಚಪ್ಪರ ಬಿಚ್ಚತೆ ಅತ್ತೆ. ಜೀಪ್ ತೆಗಿತೆ. ನಾವೇ ಹೋಯ್ ಮಾತಾಡ್ಸಿ ಬಪ್ಪ, ಬನ್ನಿ.”

“ನಾ ಹೋಪುದಾ!” ಅತ್ತೆ ಕುರ್ಚಿಯನ್ನು ನೆರಳಿಗೆ ಇನ್ನಷ್ಟು ಎಳೆದುಕೊಂಡರು. “ಸತ್ತವ್ರ್ ಎಲ್ಲಾದ್ರೂ ಮಾತಾಡ್ಸುಕ್ ಹೋತ್ರಾ? ಬದ್ಕಿದ್ದವ್ರ್ ಬರ್ಕ್.”

ಮರುದಿನವೂ ನಾನು ಬಸ್ಸಿಗೇ ಹೋದೆ.