ದಾಳಿಂಬೆ ಅಂಗಿಯ ವರಪರೀಕ್ಷೆ

ಮನುಷ್ಯನ ಮೈಗೆ ವಸ್ತ್ರವನ್ನೂ ಮನಸ್ಸಿಗೆ ಲಜ್ಜೆಯನ್ನೂ ಕರುಣಿಸಿ, ಎರಡನ್ನೂ ಹಿತಮಿತವಾಗಿ ಧರಿಸುವ ವಿವೇಕವನ್ನು ಮಾತ್ರ ಕೆಲವರಿಗೇ ಮೀಸಲಿಟ್ಟ ಪರಮದಯಾಮಯನಿಗೆ ಮೊದಲ ವಂದನೆ. ಉಳಿದವರಲ್ಲಿ ಒಬ್ಬನಾದ, ಮರ್ಗಿಲಾನ್ ಪಟ್ಟಣದ ಹಮ್ದಮನ ಕತೆಯಿದು.

ಆ ಬೇಸಿಗೆಯಲ್ಲಿ ಅಜ್ಜಂದಿರ ಕಾಲದ ಅಂಗಿ ಪೇಟೆಗೆ ಮರಳಿತ್ತು. ಆನೆಕಿವಿಯಂಥ ಕಾಲರು, ಅರೆತೋಳು, ಎದೆಯ ತುಂಬ ದಾಳಿಂಬೆ ಅರಳಿದ ರೇಷ್ಮೆ. ಅದನ್ನು ತೊಟ್ಟು ಅಜ್ಜಂದಿರು ಮದುವೆಯಾದರು, ಅಪ್ಪಂದಿರು ನೋಡಿ ನಕ್ಕರು. ಈಗ ಮೊಮ್ಮಕ್ಕಳು ಅದಕ್ಕಾಗಿ ಪೆಟ್ಟಿಗೆಗಳ ತಳ ತಡಕುತ್ತಿದ್ದರು. ಹಮ್ದಮನ ಮನೆಯಲ್ಲಿ ಅಂಗಿಯಿತ್ತು. ಇಲ್ಲದಿದ್ದುದು ಹೆಂಡತಿ.

ಬೆಳಗ್ಗೆಯೇ ಚಿಕ್ಕಮ್ಮ ರಿಸಾಲತ್ ಓಡಿಬಂದಳು. "ಲೋ ಹಮ್ದಮ್! ಹೊಲಿಗೆ ಅಂಗಡಿ ಜೇಬಿನಿಸಾ 'ನಿಜವಾದ ಹಳೇ ದಾಳಿಂಬೆ ಅಂಗಿ ಇರೋ ಗಂಡಸು ಈ ಊರಲ್ಲಿ ಒಬ್ಬನಾದ್ರೂ ಸಿಗಬಾರದಾ' ಅಂತ ನಿಟ್ಟುಸಿರು ಬಿಟ್ಟಳಂತೆ! ಅವರಪ್ಪನ ಹತ್ರ ಮಾತಾಡಿದೀನಿ. ಮಧ್ಯಾಹ್ನ ಪಲಾವ್‌ಗೆ ಕರೆದಿದಾರೆ. ಅದನ್ನೇ ಹಾಕ್ಕೊಂಡು ಹೋಗು."

ಹಮ್ದಮ್ ಆಗಲೇ ಪೆಟ್ಟಿಗೆ ತೆರೆದಿದ್ದ. ಜೇಬಿನಿಸಾಳನ್ನು ಕಾಣುವ ನೆಪಕ್ಕೆ ಅವನು ಹರಿಯದ ಷರಾಯಿಗಳನ್ನೂ ಹೊಲಿಸಲು ಒಯ್ದಿದ್ದವನು.

ಅಂಗಿ ತೊಟ್ಟು ಅಂಗಳಕ್ಕೆ ಬಂದದ್ದೇ ತಡ, ನೆರೆಯ ಕ್ಷೌರಿಕ ಮಮರಸೂಲ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. "ಷರಾಯಿಯೊಳಗೆ ಸಿಕ್ಕಿಸೋ ತಮ್ಮಾ. ಗುಡಾರದ ಹಾಗಿದೆ."

"ಸಿಕ್ಕಿಸಿದ್ರೆ ಹೊಟ್ಟೆ ಕಾಣತ್ತೆ. ಹೊರಗೇ ಇರ್ಲಿ," ಎಂದಳು ಅವನ ಹೆಂಡತಿ.

ಅವರಿಬ್ಬರ ದಾಂಪತ್ಯಶಾಂತಿಗಾಗಿ ಮುಂಭಾಗ ಒಳಗೆ ಹೋಯಿತು, ಹಿಂಭಾಗ ಹೊರಗುಳಿಯಿತು. ಹಮ್ದಮ್ ಮುಂದಿನಿಂದ ಗುಮಾಸ್ತನೂ ಹಿಂದಿನಿಂದ ನವಿಲೂ ಆಗಿ ಹೊರಟ.

ಜೇಬಿನಿಸಾಳ ತಂದೆ ಒಲ್ಲೊಯಾರ್ ದ್ರಾಕ್ಷಿಚಪ್ಪರದಡಿ ಕಾದಿದ್ದ. ಹಲ್ಲಿಯೂ ನೆರಳು ಬೇಡುವ ಬಿಸಿಲು. "ಬಾಪ್ಪಾ ಬಾ!" ಎಂದು ತಬ್ಬಿಕೊಂಡವನೇ, ಅತಿಥಿಗೆ ಸಲ್ಲಬೇಕಾದ ಗೌರವವೆಂದು, ಹತ್ತಿ ತುಂಬಿದ ನಿಲುವಂಗಿಯೊಂದನ್ನು ಅವನ ಹೆಗಲಿಗೆ ಹೊದಿಸಿ ಸೊಂಟಕ್ಕೆ ಪಟ್ಟಿ ಬಿಗಿದ. ದಾಳಿಂಬೆ ತೋಟ ಸಂಪೂರ್ಣ ಸಮಾಧಿಯಾಯಿತು.

ಅಡುಗೆಮನೆಯ ಕಿಟಕಿಯಿಂದ ಜೇಬಿನಿಸಾಳ ದನಿ ಕೇಳಿಸಿತು: "ಅಂಗಿ ಎಲ್ರೀ? ಕಾಣ್ತಿರೋದು ಬರೀ ಹಾಸಿಗೆ ಸುರುಳಿ!"

ಮೊದಲೇ ಬಂದು ಅಡುಗೆಮನೆ ಸೇರಿದ್ದ ರಿಸಾಲತ್ ರೊಟ್ಟಿ ತಂದಿಟ್ಟು ಪಿಸುಗುಟ್ಟಿದಳು: "ತೋರ್ಸೋ, ದಡ್ಡ!"

"ಹೊದಿಸಿದ್ದನ್ನ ನಾನೇ ತೆಗೆದ್ರೆ ಸಂಬಂಧ ಬೇಡ ಅಂದ ಹಾಗಲ್ವಾ, ಚಿಕ್ಕಮ್ಮಾ?"

"ಹಾಗಾದ್ರೆ ಅವರೇ ತೆಗೆಯೋ ಹಾಗೆ ಮಾಡು."

ಹಮ್ದಮ್ ಬಟ್ಟಲು ಚಹಾವನ್ನು ತನ್ನ ಮೇಲೆಯೇ ಚೆಲ್ಲಿಕೊಂಡ. ಒಲ್ಲೊಯಾರ್ ಹೌಹಾರಿದ. "ಅಯ್ಯಯ್ಯೋ, ಒದ್ದೆ ಮೈಗೆ ಗಾಳಿ ಸೋಕಿದ್ರೆ ನೆಗಡಿ ಗ್ಯಾರಂಟಿ!" ಒದ್ದೆಯದರ ಮೇಲೆ ಇನ್ನೊಂದು ನಿಲುವಂಗಿ ಬಂತು, ಮೊದಲಿನದಕ್ಕಿಂತ ದಪ್ಪ. ಊಟಕ್ಕೆ ಬಂದಿದ್ದ ಪಕ್ಕದ ಮನೆಯ ಹಿರಿಯನಿಗೆ ತಾನು ಹಿಂದುಳಿದೆನೆಂಬ ಸಂಕೋಚವಾಗಿ, ತನ್ನ ಮನೆಯಿಂದ ಮೂರನೆಯದನ್ನು ತರಿಸಿ ಹೊದಿಸಿದ. ಹೊಗೆಯಾಡುವ ಪಲಾವು, ಅದರ ಮೇಲೆ ಕುದಿವ ಚಹಾ. "ತಿನ್ನಪ್ಪ, ನಾಚ್ಕೋಬೇಡ!" ಎಂಬ ಉಪಚಾರ ಬೇರೆ. ಹಮ್ದಮ್ ಎರಡು ತುತ್ತು ತಿಂದು, ಒಮ್ಮೆ ನಕ್ಕು, ನೆನೆದ ಗೋಡೆಯಂತೆ ಕುಸಿದ.

ಹೆಂಗಸರು ಓಡಿಬಂದರು. ಅತಿಥಿ ತಾನೇ ತೆಗೆದರೆ ಅಪಮಾನ. ಹೆಂಗಸರು ಬಿಚ್ಚಿದರೆ ಚಿಕಿತ್ಸೆ. ಜೇಬಿನಿಸಾ ಈರುಳ್ಳಿ ಸುಲಿದಂತೆ ಒಂದೊಂದೇ ಪದರ ಬಿಡಿಸಿದಳು. ಕೊನೆಯದು ಸರಿಯಿತು, ದಾಳಿಂಬೆಗಳು ಬೆಳಗಿದವು.

"ಇದೇ! ಇಷ್ಟು ದಿನ ಹುಡುಕಿದ್ದು ಇದನ್ನೇ!"

ಹಮ್ದಮ್ ಒಂದು ಕಣ್ಣು ತೆರೆದ. ಅವಳ ಬೆರಳುಗಳು ಅವನ ಕುತ್ತಿಗೆಯ ಬಳಿಯೇ ಇದ್ದವು. ಸ್ವರ್ಗವೆಂದರೆ ಇದೇ ಇರಬೇಕೆಂದುಕೊಂಡ.

"ಕಾಲರ್ ಒಳಪಟ್ಟಿ ನೋಡಿ ಹೇಗೆ ಕೂರಿಸಿದಾರೆ! ಹೊಲಿಗೆ ಪೂರ್ತಿ ಬಿಚ್ಚದೆ ಗೊತ್ತಾಗಲ್ಲ. ಎಷ್ಟು ಚೆನ್ನಾಗಿದೆ ಅಣ್ಣಾ ನಿಮ್ಮ ಅಂಗಿ!"

'ಅಣ್ಣಾ' ಎಂಬುದು ಬಿಸಿಲಿಗಿಂತ ಜೋರಾಗಿ ಬಡಿಯಿತು. ಅದರ ಮೇಲೆ, ತನ್ನ ವಸ್ತುವನ್ನು ಯಾರಾದರೂ ಮೆಚ್ಚಿದರೆ 'ತಗೊಳ್ಳಿ' ಎನ್ನದವನು ನಮ್ಮ ಊರಿನಲ್ಲಿ ಮನುಷ್ಯನೇ ಅಲ್ಲ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

"ನಿಮ್ದೇ ಅಂದ್ಕೊಳ್ಳಿ," ಎಂದ ಹಮ್ದಮ್.

ಹಾಗೆಂದಾಗ ಮೂರು ಸಲ ಬೇಡವೆನ್ನುವುದು ವಾಡಿಕೆ. ಜೇಬಿನಿಸಾ ಒಂದು ಸಲವೂ ಎನ್ನಲಿಲ್ಲ.

ಅವನು ಒಳಕೋಣೆಗೆ ಹೋಗಿ ಅಂಗಿ ಕಳಚಿ ಬಾಗಿಲ ಸಂದಿಯಿಂದ ಕೊಟ್ಟ. ರಿಸಾಲತ್ ಧೈರ್ಯ ಮಾಡಿ ಕೇಳಿದಳು: "ಮತ್ತೆ ಗಂಡಿನ ವಿಷ್ಯ ಏನಮ್ಮಾ?"

"ಯಾವ ಗಂಡು? ನಾನು ಕೇಳಿದ್ದು ಮಾದರಿ ಅಂಗಿ ಚಿಕ್ಕಮ್ಮಾ! ಪೇಟೆ ತುಂಬ ಇದೇ ಬೇಕಂತೆ. ಅಳತೆಗೊಂದು ಅಸಲಿ ಸಿಕ್ಕಿರ್ಲಿಲ್ಲ," ಎಂದು ಜೇಬಿನಿಸಾ ಕತ್ತರಿ ಹುಡುಕಿಕೊಂಡು ಹೋದಳು.

ಒಲ್ಲೊಯಾರ್ ಮರ್ಯಾದೆಗೆ ಕುಂದು ಬಾರದಂತೆ ಮೂರು ನಿಲುವಂಗಿಗಳನ್ನೂ ಮತ್ತೆ ಹೊದಿಸಿ ಬೀಳ್ಕೊಟ್ಟ. ಒಳಗೆ ಬರಿಮೈ, ಹೊರಗೆ ಮಂಚವಿಲ್ಲದ ಹಾಸಿಗೆ. ಹಮ್ದಮ್ ಸಂಜೆಬಿಸಿಲಲ್ಲಿ ಬೀದಿ ಸೇರಿದ.

"ಏನಪ್ಪಾ, ಹುಡುಗಿ ಒಪ್ಪಿದ್ಲಾ?" ಎಂದ ಮಮರಸೂಲ್.

"ಒಪ್ಪಿದ್ಲಣ್ಣಾ."

"ಮುಬಾರಕ್! ಅಂದ್ಹಾಗೆ ಅಂಗಿ ಎಲ್ಲೋ?"

"ಒಪ್ಪಿದ್ದು ಅದನ್ನೇ."

ಈ ಕತೆ ಕೇಳಿದ ಸಮಸ್ತರ ಮೈಮೇಲೂ ಋತುವಿಗೊಪ್ಪುವ ಉಡುಗೆಯಿರಲಿ. ಉಡುಗೆಯನ್ನು ಮೆಚ್ಚಿದ ಕಣ್ಣುಗಳು, ದೇವರ ದಯೆಯಿಂದ, ಒಳಗಿರುವವರನ್ನೂ ಒಮ್ಮೆ ಕಾಣಲಿ. ತಥಾಸ್ತು.